ಡಾಕ್ಟರ್ ಜಾನ್ ಸ್ನೋ: ವಾಂತಿಭೇದಿಯ ದಾರಿಯನ್ನು ಕಂಡುಹಿಡಿದವನ ಚರಿತ್ರೆ

ಭೇದಿ ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಯಾರಿಗೂ ಹೊಸದಲ್ಲ. ಮಳೆಗಾಲದ ಮೊದಲನೆಯ ನೀರು ಕೆರೆಬಾವಿಗಳಿಗೆ ಇಳಿದ ಮೇಲೆ ಒಂದೆರಡು ಮನೆಗಳಲ್ಲಾದರೂ ಅದು ಕಾಣಿಸದೆ ಇರುವದಿಲ್ಲ. ಬಹಳ ಸಾರಿ ಅದು ಎರಡು ಮೂರು ದಿನಗಳಲ್ಲಿ ತಾನಾಗಿಯೇ ನಿಲ್ಲುತ್ತದೆ. ಆದಕಾರಣ ಜನರು ಅದನ್ನು ಅಲ್ಪವಾದದ್ದೆಂದು ಎಣಿಸುತ್ತಾರೆ. ಆದರೆ ಅದೇ ಭೇದಿಯು ಕೆಲವು ಸಾರಿ ಬೆಳಿಗ್ಗೆ ಆಡುತ್ತಿದ್ದ ಕೂಸನ್ನು ರಾತ್ರಿಯೊಳಗೆ ತಾಯಿಯ ಮಡಿಲಿನಿಂದ ಕಿತ್ತುಕೊಳ್ಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯವರು ೨೦೨೪ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಐದು ವರುಷದೊಳಗಿನ ಮಕ್ಕಳಲ್ಲಿ ೪ ಲಕ್ಷಕ್ಕಿಂತ ಹೆಚ್ಚು ಮಂದಿ ವರುಷವೊಂದಕ್ಕೆ ಈ ರೋಗದಿಂದಲೇ ಸಾಯುತ್ತಾರೆ. ಇವರಲ್ಲಿ ಬಹು ಮಂದಿಯನ್ನು ಉಳಿಸುವ ಉಪಾಯವು ಬಡವರ ಅಡಿಗೆಮನೆಯಲ್ಲಿಯೂ ಇದೆ ಎಂಬದೇ ಶೋಚನೀಯವಾದ ಸಂಗತಿ.

ಭೇದಿಯು ಎಲ್ಲಿಂದ ಬರುತ್ತದೆ? ಬಂದ ಮೇಲೆ ಅದು ಮನುಷ್ಯನನ್ನು ಹೇಗೆ ಕೊಲ್ಲುತ್ತದೆ? ಈ ಎರಡು ಪ್ರಶ್ನೆಗಳಿಗೆ ಉತ್ತರವನ್ನು ತಿಳಿದವನು ಯಾವಾಗ ಮನೆಯಲ್ಲಿ ಆರೈಕೆ ಮಾಡಬೇಕು, ಯಾವಾಗ ವೈದ್ಯನ ಬಳಿಗೆ ಹೊರಡಬೇಕು ಎಂಬದನ್ನು ಸುಲಭವಾಗಿ ಗ್ರಹಿಸುವನು. ನೂರೆಪ್ಪತ್ತು ವರುಷಗಳಿಗಿಂತ ಹಿಂದೆ ಈ ಪ್ರಶ್ನೆಗಳನ್ನು ಹಿಡಿದು ಮನೆಮನೆಯ ಬಾಗಿಲನ್ನು ತಟ್ಟಿದ ವೈದ್ಯನೊಬ್ಬನಿದ್ದನು. ಆತನ ಚರಿತ್ರೆಯನ್ನು ಈ ತಿಂಗಳು ನಮ್ಮ ವಾಚಕರ ಮುಂದೆ ಇಡುತ್ತೇವೆ.

ಜಾನ್ ಸ್ನೋ ೧೮೧೩ನೆಯ ಇಸವಿ ಮಾರ್ಚ್ ೧೫ನೆಯ ತಾರೀಖಿನಲ್ಲಿ ಇಂಗ್ಲೆಂಡ್ ದೇಶದ ಯಾರ್ಕ್ ಪಟ್ಟಣದಲ್ಲಿ ಹುಟ್ಟಿದನು. ಆತನ ತಂದೆಯು ಕೂಲಿಯ ಕೆಲಸದಿಂದ ಜೀವನ ಮಾಡುವವನು. ಒಂಭತ್ತು ಮಂದಿ ಮಕ್ಕಳೊಳಗೆ ಇವನೇ ಚೊಚ್ಚಲ ಮಗನು. ಅವರ ಮನೆಯು ಊಸ್ ಎಂಬ ಹೊಳೆಯ ಸಮೀಪದಲ್ಲಿ ಬಡವರ ಕೇರಿಯಲ್ಲಿತ್ತು. ಪಟ್ಟಣದ ಕೊಳಕೆಲ್ಲಾ ಸೇರುತ್ತಿದ್ದ ಆ ಹೊಳೆಯ ದಡದಲ್ಲಿಯೇ ಹುಡುಗನು ಬೆಳೆದನು. ತಂದೆತಾಯಿಗಳು ಬಡವರಾದರೂ ಮಗನನ್ನು ಶಾಲೆಗೆ ಕಳುಹಿಸಿದರು. ಆತನು ಬುದ್ಧಿವಂತನೂ ಲೆಕ್ಕದಲ್ಲಿ ಆಸಕ್ತನೂ ಆಗಿದ್ದನು. ಹದಿನಾಲ್ಕು ವರುಷ ಪ್ರಾಯದಲ್ಲಿ, ಅಂದರೆ ೧೮೨೭ರಲ್ಲಿ, ಆತನನ್ನು ದೂರದ ನ್ಯೂಕಾಸಲ್ ಪಟ್ಟಣದ ಹಾರ್ಡ್‌ಕಾಸಲ್ ಎಂಬ ವೈದ್ಯನ ಬಳಿಯಲ್ಲಿ ಕೆಲಸ ಕಲಿಯುವದಕ್ಕಾಗಿ ಬಿಟ್ಟರು. ಆಗಿನ ಕಾಲದಲ್ಲಿ ಬಡವರ ಮಕ್ಕಳು ವೈದ್ಯವೃತ್ತಿಗೆ ಬರುವದಕ್ಕೆ ಅದೇ ದಾರಿಯಾಗಿತ್ತು.

ಅಲ್ಲಿ ಕಲಿಯುತ್ತಿದ್ದಾಗ ಯೌವನಸ್ಥನು ಕೆಲವು ನಿಯಮಗಳನ್ನು ತನ್ನ ಮೇಲೆ ತಾನೇ ಹಾಕಿಕೊಂಡನು. ಮಾಂಸವನ್ನು ಬಿಟ್ಟನು, ಕೆಲವು ವರುಷಗಳ ಮೇಲೆ ಮದ್ಯವನ್ನೂ ಬಿಟ್ಟನು. ಕುಡಿಯುವ ನೀರಿನ ವಿಷಯದಲ್ಲಿ ಬಹಳ ಜಾಗ್ರತೆಯುಳ್ಳವನಾಗಿದ್ದು ಶುದ್ಧಮಾಡದ ನೀರನ್ನು ಮುಟ್ಟುತ್ತಿರಲಿಲ್ಲ. ಜೊತೆಗಾರರು ಇದನ್ನು ಕಂಡು ನಗುತ್ತಿದ್ದರು. ಆದರೆ ಮುಂದೆ ಆತನು ಮಾಡಬೇಕಾಗಿದ್ದ ಕೆಲಸಕ್ಕೆ ಈ ಎಚ್ಚರಿಕೆಯ ಸ್ವಭಾವವು ಬಹಳ ಸಹಾಯವಾಯಿತು.

೧೮೧೭ರಿಂದ ಬಂಗಾಳದ ಹೊರಗೆ ಹರಡತೊಡಗಿದ ಕಾಲರಾ ರೋಗವು ದೇಶದಿಂದ ದೇಶಕ್ಕೆ ದಾಟಿ ೧೮೩೧ರಲ್ಲಿ ಇಂಗ್ಲೆಂಡಿನ ಸಂಡರ್ಲೆಂಡ್ ರೇವನ್ನು ಮುಟ್ಟಿತು. ಅಲ್ಲಿಂದ ಅದು ನ್ಯೂಕಾಸಲಿಗೂ ಸುತ್ತಲಿನ ಕಲ್ಲಿದ್ದಲ ಗಣಿಗಳಿಗೂ ಹಬ್ಬಿತು. ಹಾರ್ಡ್‌ಕಾಸಲನಿಗೆ ಎಲ್ಲಾ ಕಡೆಗೆ ಹೋಗಲಾಗದೆ ಇದ್ದದರಿಂದ ಹದಿನೆಂಟು ವರುಷದ ಸ್ನೋವನ್ನು ಕಿಲ್ಲಿಂಗ್‌ವರ್ತ್ ಗಣಿಯ ಕೂಲಿಗಳ ಆರೈಕೆಗೆ ಒಬ್ಬನನ್ನಾಗಿ ಕಳುಹಿಸಿದನು. ಹುಡುಗನು ರಾತ್ರಿ ಹಗಲು ದುಡಿದನು. ಆದರೆ ಆಗಿನ ವೈದ್ಯರಿಗೆ ತಿಳಿದಿದ್ದ ಮದ್ದುಗಳು ರಕ್ತ ತೆಗೆಯುವದು, ಅಫೀಮು ಕೊಡುವದು, ಭೇದಿಗೇ ಮತ್ತಷ್ಟು ಭೇದಿಯ ಔಷಧ ಕೊಡುವದು, ಇಂಥವುಗಳೇ. ಒಣಗಿ ಹೋಗುತ್ತಿದ್ದ ದೇಹದಿಂದ ಇನ್ನೂ ರಸವನ್ನು ತೆಗೆಯುವ ಈ ಚಿಕಿತ್ಸೆಯು ರೋಗಕ್ಕೇ ಸಹಾಯವಾಯಿತು.

ಆ ಗಣಿಯಲ್ಲಿ ಸ್ನೋ ಕಂಡ ಸಂಗತಿಯೊಂದು ಆತನ ಮನಸ್ಸಿನಲ್ಲಿ ನೆಟ್ಟು ನಿಂತಿತು. ಗಣಿಯ ಕೆಲಸಗಾರರು ದಿನಕ್ಕೆ ಎಂಟು ಒಂಭತ್ತು ತಾಸು ಭೂಮಿಯ ಅಡಿಯಲ್ಲಿ ಇರುತ್ತಿದ್ದರು. ಅಲ್ಲಿ ಪಾಯಿಖಾನೆ ಇರಲಿಲ್ಲ. ಕೈ ತೊಳೆಯುವದಕ್ಕೆ ನೀರೂ ಇರಲಿಲ್ಲ. ಕತ್ತಲೆಯಲ್ಲಿ, ಕೊಳೆಯಾದ ಕೈಯಿಂದಲೇ, ಮನೆಯಿಂದ ತಂದ ಬುತ್ತಿಯನ್ನು ತಿನ್ನುತ್ತಿದ್ದರು. ಜವುಗು ಭೂಮಿಯ ಕೆಟ್ಟ ಗಾಳಿಯಿಂದಲೂ ಕೊಚ್ಚೆಯ ದುರ್ವಾಸನೆಯಿಂದಲೂ ಕಾಲರಾ ಬರುವದೆಂದು ಪಂಡಿತರೆಲ್ಲರೂ ಹೇಳುತ್ತಿದ್ದರು. ಭೂಮಿಯ ಅಷ್ಟು ಕೆಳಗೆ ಅಂಥ ಗಾಳಿಯು ಹೇಗೆ ಬಂದೀತು, ಬಂದರೂ ಈ ಕೂಲಿಗಳನ್ನೇ ಹೀಗೆ ಯಾಕೆ ಹಿಡಿಯಬೇಕು ಎಂಬ ಸಂಶಯವು ಆತನಲ್ಲಿ ಮುಂದೆ ಬಲಗೊಂಡಿತು.

ಅದೇ ಕಾಲದಲ್ಲಿ ಇನ್ನೊಂದು ವಿಶೇಷವು ನಡೆಯಿತು. ಓಶಾಗ್ನೆಸಿ ಎಂಬ ತರುಣ ವೈದ್ಯನು ಕಾಲರಾ ರೋಗಿಗಳ ರಕ್ತವನ್ನು ಪರೀಕ್ಷಿಸಿ, ಅದರೊಳಗಿನ ನೀರೂ ಉಪ್ಪೂ ಬಹಳವಾಗಿ ಕಡಮೆಯಾಗಿರುವದನ್ನು ತೋರಿಸಿದನು. ಇದನ್ನು ಓದಿದ ಥಾಮಸ್ ಲಟ್ಟ ಎಂಬ ವೈದ್ಯನು ೧೮೩೨ರಲ್ಲಿ ಸ್ಕಾಟ್ಲೆಂಡಿನ ಲೀತ್ ಎಂಬಲ್ಲಿ ಉಪ್ಪು ಬೆರೆತ ನೀರನ್ನು ರೋಗಿಗಳ ನರಗಳೊಳಗೆ ಹಾಯಿಸಿದನು. ಸಾಯುವ ಸ್ಥಿತಿಯಲ್ಲಿದ್ದ ಕೆಲವರು ಎದ್ದು ಕೂತರು. ಆದರೂ ಹೆಚ್ಚಿನ ವೈದ್ಯರು ಇದನ್ನು ಲಕ್ಷ್ಯಕ್ಕೆ ತಾರದೆ ಹೋದರು, ಮತ್ತು ಆ ಉಪಾಯವು ಬಹು ವರುಷ ಬಳಕೆ ತಪ್ಪಿತು. ಸ್ನೋ ಮಾತ್ರ ಅದನ್ನು ಮರೆಯಲಿಲ್ಲ.

೧೮೩೬ರಲ್ಲಿ ಸ್ನೋ ತನ್ನ ವಿದ್ಯೆಯನ್ನು ಪೂರೈಸುವದಕ್ಕಾಗಿ ಉತ್ತರ ಸೀಮೆಯಿಂದ ಲಂಡನ್ ಪಟ್ಟಣಕ್ಕೆ ಬಂದನು. ೧೮೩೮ರಲ್ಲಿ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿ ಸೋಹೋ ಎಂಬ ಕೇರಿಯಲ್ಲಿ ಒಂದು ಸಣ್ಣ ಮನೆ ಹಿಡಿದು ವೈದ್ಯವೃತ್ತಿಯನ್ನು ಆರಂಭಿಸಿದನು. ೧೮೪೪ರಲ್ಲಿ ಲಂಡನ್ ವಿಶ್ವವಿದ್ಯಾಲಯದಿಂದ ಎಂ. ಡಿ. ಪದವಿಯು ದೊರೆಯಿತು. ಆತನ ಧ್ವನಿಯು ಒಡೆದ ಧ್ವನಿ, ಮಾತು ಕಡಮೆ, ಹಣವಂತರನ್ನು ಒಲಿಸುವ ಚಾತುರ್ಯವು ಇರಲಿಲ್ಲ. ಆತನು ಮದುವೆಯಾಗದೆ ಸರಳವಾಗಿ ಜೀವಿಸಿದನು.

೧೮೪೬ರ ಅಂತ್ಯದಲ್ಲಿ ಈಥರ್ ಎಂಬ ದ್ರವದ ಆವಿಯಿಂದ ರೋಗಿಯನ್ನು ಮೈಮರೆಯಿಸಿ ಶಸ್ತ್ರಕ್ರಿಯೆ ಮಾಡುವ ಸುದ್ದಿಯು ಅಮೇರಿಕದಿಂದ ಇಂಗ್ಲೆಂಡಿಗೆ ಬಂದಿತು. ಸ್ನೋ ಕೂಡಲೆ ಅದನ್ನು ಅಭ್ಯಾಸಕ್ಕೆ ತೆಗೆದುಕೊಂಡು, ಆವಿಯನ್ನು ಅಳತೆ ತಪ್ಪದೆ ಕೊಡುವ ಉಪಕರಣವನ್ನು ತಾನೇ ಕಲ್ಪಿಸಿದನು. ಕ್ಲೋರೋಫಾರಂ ಕೊಡುವದರಲ್ಲಿ ಆತನಿಗೆ ಸಮಾನರಾದವರು ವಿರಳ. ೧೮೫೩ರಲ್ಲಿಯೂ ೧೮೫೭ರಲ್ಲಿಯೂ ವಿಕ್ಟೋರಿಯಾ ರಾಣಿಯವರ ಪ್ರಸವಕಾಲದಲ್ಲಿ ಅದನ್ನು ಕೊಡುವದಕ್ಕೆ ಸ್ನೋವನ್ನೇ ಕರಿಸಿದರು. ಇದರಿಂದ ಆತನ ಹೆಸರು ದೇಶದಲ್ಲೆಲ್ಲಾ ಹರಡಿತು. ಆದರೆ ಅರಮನೆಗೆ ಹೋಗಿ ಬಂದ ಆ ಮನುಷ್ಯನು ಬಡವರ ಬಾವಿಗಳ ಬಳಿಯಲ್ಲಿ ನಿಂತು ಮಾಡಿದ ಕೆಲಸಕ್ಕಾಗಿಯೇ ಈಗ ಲೋಕವು ಆತನನ್ನು ಹೆಚ್ಚಾಗಿ ನೆನಸುತ್ತದೆ.

೧೮೪೮ರಲ್ಲಿ ಕಾಲರಾ ತಿರಿಗಿ ಬಂದಿತು. ಹ್ಯಾಂಬರ್ಗ್ ಪಟ್ಟಣದಿಂದ ಹಡಗಿನಲ್ಲಿ ಬಂದ ನಾವಿಕನೊಬ್ಬನು ಲಂಡನಿನ ಒಂದು ಬಿಡಾರದಲ್ಲಿ ಸತ್ತನು. ಸ್ವಲ್ಪ ದಿನದ ಮೇಲೆ ಅದೇ ಕೋಣೆಯನ್ನು ಬಾಡಿಗೆಗೆ ಹಿಡಿದ ಮತ್ತೊಬ್ಬನಿಗೂ ಅದೇ ರೋಗ ತಗಲಿತು. ಸ್ನೋ ಇದನ್ನು ಗಮನಿಸಿ ಹೀಗೆ ಯೋಚಿಸಿದನು. ಗಾಳಿಯಿಂದ ಬರುವ ರೋಗವಾದರೆ ಮೊದಲು ಜ್ವರವೋ ಶ್ವಾಸದ ಬಾಧೆಯೋ ಕಾಣಬೇಕು. ಕಾಲರಾದಲ್ಲಿ ಹಾಗಲ್ಲ; ಮೊಟ್ಟಮೊದಲು ಹೊಟ್ಟೆಯಲ್ಲಿಯೇ ಕೇಡು ತೋರುತ್ತದೆ. ಹೀಗಿರಲಾಗಿ ರೋಗದ ಬೀಜವು ಬಾಯಿಯ ಮೂಲಕ ಹೊಟ್ಟೆಗೆ ಹೋಗಿರಬೇಕು. ಅಲ್ಲಿ ಅದು ವೃದ್ಧಿಯಾಗಿ ಮಲದ ಸಂಗಡ ಹೊರಗೆ ಬರಬೇಕು. ಕೈಗೆ, ಬಟ್ಟೆಗೆ, ನೀರಿಗೆ ತಗಲಿ ಇನ್ನೊಬ್ಬನ ಬಾಯಿಗೆ ಸೇರಬೇಕು. ಮೈ ತಣ್ಣಗಾಗುವದು, ಕಣ್ಣು ಗುಳಿಬೀಳುವದು, ನಾಡಿ ಸಿಕ್ಕದಿರುವದು ಮುಂತಾದ ಲಕ್ಷಣಗಳು ರಕ್ತದಿಂದ ನೀರು ಹೋದದರಿಂದ ಆಗುವವೇ ಹೊರತು ಬೇರೆ ವಿಷದಿಂದಲ್ಲ. ಈ ವಿಚಾರವನ್ನು ಆತನು ೧೮೪೯ರಲ್ಲಿ ಒಂದು ಚಿಕ್ಕ ಪುಸ್ತಕವಾಗಿ ಅಚ್ಚು ಹಾಕಿಸಿದನು. ಓದಿದವರು ಕೆಲವರು, ಒಪ್ಪಿದವರು ಇನ್ನೂ ಕೆಲವರು. ಸಾಕ್ಷ್ಯವು ಸಾಲದೆಂಬದು ಎಲ್ಲರ ಮಾತು.

ಸಾಕ್ಷ್ಯವು ೧೮೫೪ರಲ್ಲಿ ದೊರೆಯಿತು. ಲಂಡನಿನ ದಕ್ಷಿಣ ಭಾಗಕ್ಕೆ ಎರಡು ಕಂಪೆನಿಗಳು ಥೇಮ್ಸ್ ಹೊಳೆಯ ನೀರನ್ನು ಕೊಳವೆಯಲ್ಲಿ ತಂದು ಮಾರುತ್ತಿದ್ದವು. ಲ್ಯಾಂಬೆತ್ ಕಂಪೆನಿಯು ೧೮೫೨ರಲ್ಲಿ ತನ್ನ ನೀರಿನ ಸ್ಥಳವನ್ನು ಪಟ್ಟಣದ ಕೊಳಕು ಸೇರದ ಮೇಲ್ಗಡೆಗೆ ಸಾಗಿಸಿತ್ತು. ಸೌತ್‌ವರ್ಕ್ ಮತ್ತು ವಾಕ್ಸ್‌ಹಾಲ್ ಕಂಪೆನಿಯು ಕೊಳಕು ಬೆರೆತ ಕೆಳಗಡೆಯ ನೀರನ್ನೇ ಕೊಡುತ್ತಿತ್ತು. ಒಂದೇ ಬೀದಿಯಲ್ಲಿ, ಒಂದೇ ಗಾಳಿಯಲ್ಲಿ, ಒಂದು ಮನೆಗೆ ಒಂದು ನೀರು, ಪಕ್ಕದ ಮನೆಗೆ ಇನ್ನೊಂದು ನೀರು. ಸ್ನೋ ಸತ್ತವರ ಪಟ್ಟಿಯನ್ನು ಹಿಡಿದು ಮನೆಯಿಂದ ಮನೆಗೆ ನಡೆದು ವಿಚಾರಿಸಿದನು. ತಮ್ಮ ನೀರು ಯಾರದೆಂದು ಮನೆಯವರಿಗೆ ತಿಳಿಯದೆ ಇದ್ದಲ್ಲಿ ಆತನು ಒಂದು ಸೀಸೆಯಲ್ಲಿ ನೀರನ್ನು ತುಂಬಿಸಿಕೊಂಡು, ಬೆಳ್ಳಿಯ ಲವಣದ ದ್ರವವನ್ನು ಹಾಕಿ ಅದರ ಉಪ್ಪಿನಂಶವನ್ನು ನೋಡಿ ಗೊತ್ತು ಮಾಡಿದನು. ಉಪದ್ರವದ ಮೊದಲನೆಯ ಏಳು ವಾರಗಳಲ್ಲಿ ಕೊಳಕು ನೀರಿನ ಕಂಪೆನಿಗೆ ಸೇರಿದ ಮನೆಗಳಲ್ಲಿ ಪ್ರತಿ ೧೦,೦೦೦ಕ್ಕೆ ೩೧೫ ಮಂದಿ ಸತ್ತಿದ್ದರು. ಒಳ್ಳೆಯ ನೀರಿನ ಮನೆಗಳಲ್ಲಿ ಪ್ರತಿ ೧೦,೦೦೦ಕ್ಕೆ ೩೭ ಮಂದಿ ಮಾತ್ರ.

ಈ ವಿಚಾರಣೆಯು ನಡೆಯುತ್ತಿರುವಾಗಲೇ ಆತನ ಸ್ವಂತ ಕೇರಿಯ ಸಮೀಪದಲ್ಲಿ ಭಯಂಕರವಾದ ಮರಣವು ತಲೆದೋರಿತು. ೧೮೫೪ನೆಯ ಆಗಸ್ಟ್ ೩೧ರ ರಾತ್ರಿಯಿಂದ ಸೋಹೋವಿನ ಬ್ರಾಡ್ ಸ್ಟ್ರೀಟ್ ಎಂಬ ಬೀದಿಯ ಸುತ್ತಲೂ ಜನರು ಒಬ್ಬರ ಹಿಂದೆ ಒಬ್ಬರು ಬಿದ್ದರು. ಹತ್ತು ದಿನಗಳೊಳಗೆ ೫೦೦ಕ್ಕಿಂತ ಹೆಚ್ಚು ಮಂದಿ ಸತ್ತರು. ಉಳಿದವರಲ್ಲಿ ಅನೇಕರು ಮನೆಗಳನ್ನು ಬಿಟ್ಟು ಓಡಿದರು. ಎಲ್ಲರೂ ಓಡುತ್ತಿದ್ದ ಆ ಬೀದಿಯೊಳಕ್ಕೆ ಸ್ನೋ ಪ್ರವೇಶಿಸಿದನು.

ಆತನು ಸತ್ತವರ ಲೆಕ್ಕವನ್ನು ಪಡೆದು ನೋಡಲು, ಮೊದಲನೆಯ ವಾರದ ಕೊನೆಯಲ್ಲಿ ಸತ್ತ ೮೩ ಮಂದಿಯೊಳಗೆ ೭೩ ಮಂದಿಯ ಮನೆಗಳು ಬ್ರಾಡ್ ಸ್ಟ್ರೀಟಿನ ಸಾರ್ವಜನಿಕ ಪಂಪಿಗೆ ಸಮೀಪವಾಗಿದ್ದವು. ಇವರಲ್ಲಿ ೬೧ ಮಂದಿ ಆ ಪಂಪಿನ ನೀರನ್ನು ಕುಡಿಯುತ್ತಿದ್ದರೆಂದು ಮನೆಯವರಿಂದ ತಿಳಿಯಿತು. ಬೇರೆ ಪಂಪಿಗೆ ಸಮೀಪವಿದ್ದ ಹತ್ತು ಮಂದಿಯಲ್ಲಿ ಐದು ಮನೆಯವರು ಈ ನೀರು ರುಚಿಯೆಂದು ಇಲ್ಲಿಗೇ ಆಳು ಕಳುಹಿಸುತ್ತಿದ್ದರು. ಮೂವರು ಮಕ್ಕಳು ಈ ಪಂಪಿನ ಹತ್ತಿರವಿದ್ದ ಶಾಲೆಗೆ ಬರುತ್ತಿದ್ದರು. ಹತ್ತಿರದಲ್ಲಿಯೇ ಇದ್ದ ಬಡವರ ಆಶ್ರಮದಲ್ಲಿ ೫೩೫ ಮಂದಿಯಿದ್ದು ಐವರು ಮಾತ್ರ ಸತ್ತಿದ್ದರು. ಅವರಿಗೆ ಸ್ವಂತ ಬಾವಿಯಿತ್ತು. ಆ ಬೀದಿಯ ಮದ್ಯದ ಕಾರಖಾನೆಯಲ್ಲಿ ದುಡಿಯುವ ಎಪ್ಪತ್ತಕ್ಕಿಂತ ಹೆಚ್ಚು ಆಳುಗಳಲ್ಲಿ ಒಬ್ಬನೂ ಕಾಲರಾದಿಂದ ಸಾಯಲಿಲ್ಲ. ಅವರು ಬೀದಿಯ ಪಂಪಿನ ನೀರನ್ನು ಕುಡಿಯುತ್ತಿರಲಿಲ್ಲ. ಬಹು ದೂರದ ಹ್ಯಾಂಪ್‌ಸ್ಟೆಡ್ ಎಂಬಲ್ಲಿ ಕಾಲರಾದ ಗಾಳಿಯೇ ಇಲ್ಲದ ಕಡೆಯಲ್ಲಿ ಒಬ್ಬ ವಿಧವೆಯು ಸತ್ತಿದ್ದಳು. ವಿಚಾರಿಸಿದಾಗ, ಆಕೆಯು ಮೊದಲು ಬ್ರಾಡ್ ಸ್ಟ್ರೀಟಿನಲ್ಲಿದ್ದವಳೆಂದೂ ಹಳೆಯ ನೀರಿನ ರುಚಿಯನ್ನು ಬಿಡಲಾರದೆ ದಿನವೂ ಬಂಡಿಯಲ್ಲಿ ಒಂದು ಪಾತ್ರೆ ನೀರನ್ನು ತರಿಸುತ್ತಿದ್ದಳೆಂದೂ ತಿಳಿಯಬಂದಿತು. ಆಕೆಯನ್ನು ನೋಡಲು ಬಂದು ಅದೇ ನೀರನ್ನು ಕುಡಿದ ಸೋದರ ಸಂಬಂಧದ ಹುಡುಗಿಯೂ ತನ್ನ ಊರಿಗೆ ಹೋಗಿ ಸತ್ತಳು.

ಸೆಪ್ಟೆಂಬರ್ ೭ನೆಯ ತಾರೀಖು ಸಾಯಂಕಾಲ ಆ ಕೇರಿಯ ಅಧಿಕಾರಸ್ಥರು ಸಭೆ ಕೂಡಿದ್ದಾಗ ಸ್ನೋ ಅಲ್ಲಿಗೆ ಹೋಗಿ ತನ್ನ ಸಾಕ್ಷ್ಯವನ್ನು ಅವರ ಮುಂದೆ ಇಟ್ಟನು. ಅವರು ಪೂರ್ಣವಾಗಿ ನಂಬದಿದ್ದರೂ ಮರುದಿನ ಪಂಪಿನ ಹಿಡಿಕೆಯನ್ನು ತೆಗೆಯಿಸಿದರು. ಜನರು ಓಡಿಹೋದದರಿಂದ ರೋಗವು ಅಷ್ಟರೊಳಗೆ ಇಳಿಮುಖವಾಗಿತ್ತೆಂಬದನ್ನು ಸ್ನೋ ತಾನೇ ಒಪ್ಪಿ ಬರೆದಿದ್ದಾನೆ. ತನ್ನ ಕೆಲಸವನ್ನು ಹೆಚ್ಚಿಸಿ ಹೇಳಿಕೊಳ್ಳದ ಈ ಪ್ರಾಮಾಣಿಕತೆಯು ಆತನ ದೊಡ್ಡ ಗುಣವಾಗಿತ್ತು.

ಆ ಕೇರಿಯ ಸಂತ ಲೂಕನ ದೇವಾಲಯದಲ್ಲಿ ಹೆನ್ರಿ ವೈಟ್‌ಹೆಡ್ ಎಂಬ ತರುಣನು ಸಹಾಯಕ ಸಭಾಪಾಲಕನಾಗಿದ್ದನು. ಆತನು ಸಾಯುವವರ ಹಾಸಿಗೆಗಳ ಬಳಿಯಲ್ಲಿ ದಿನರಾತ್ರಿ ಕಳೆದವನು. ತನ್ನ ಜನರ ಮನೆಗಳನ್ನೂ ಹೆಸರುಗಳನ್ನೂ ಚೆನ್ನಾಗಿ ಬಲ್ಲವನು. ಸ್ನೋವಿನ ವಿಚಾರವು ತಪ್ಪೆಂದು ತೋರಿಸುವದಕ್ಕಾಗಿಯೇ ಆತನು ಮನೆಮನೆಗೂ ಹೋಗಿ ವಿಚಾರಿಸತೊಡಗಿದನು. ಎಷ್ಟು ವಿಚಾರಿಸಿದನೋ ಅಷ್ಟೂ ಸ್ನೋ ಹೇಳಿದ್ದೇ ಸತ್ಯವೆಂದು ಕಂಡುಬಂದಿತು. ಆಗ ಆತನು ತನ್ನ ಹಳೆಯ ಅಭಿಪ್ರಾಯವನ್ನು ಬಿಟ್ಟು ಸ್ನೋವಿನ ಆಪ್ತ ಸಹಾಯಕನಾದನು.

ಬಾವಿಯ ನೀರು ಕೆಟ್ಟದ್ದು ಹೇಗೆಂಬದನ್ನು ಕಂಡುಹಿಡಿದವನು ಈ ವೈಟ್‌ಹೆಡನೇ. ಮರಣದ ಪುಸ್ತಕವನ್ನು ನೋಡುತ್ತಿರುವಾಗ ಬ್ರಾಡ್ ಸ್ಟ್ರೀಟಿನ ೪೦ನೆಯ ನಂಬರಿನ ಮನೆಯಲ್ಲಿ, ಪಂಪಿನ ಎದುರಿನಲ್ಲಿಯೇ, ಐದು ತಿಂಗಳ ಕೂಸೊಂದು ಸೆಪ್ಟೆಂಬರ್ ೨ರಂದು ಭೇದಿಯಿಂದ ಸತ್ತದ್ದು ಆತನ ಕಣ್ಣಿಗೆ ಬಿದ್ದಿತು. ಕಾಲರಾ ಎಂದು ಅಲ್ಲಿ ಬರೆದಿರಲಿಲ್ಲ, ಬರೀ ಭೇದಿಯೆಂದಿತ್ತು. ಆದಕಾರಣ ಅದುವರೆಗೆ ಯಾರೂ ಅದನ್ನು ಗಮನಿಸಿರಲಿಲ್ಲ. ತಾಯಿಯನ್ನು ವಿಚಾರಿಸಲು, ಕೂಸಿಗೆ ಕಾಲರಾ ಸಿಡಿಯುವದಕ್ಕೆ ಕೆಲವು ದಿನ ಮುಂಚೆಯೇ ಭೇದಿ ಹಿಡಿದಿತ್ತೆಂದೂ, ಅದರ ಬಟ್ಟೆಗಳನ್ನು ಬಕೀಟಿನಲ್ಲಿ ನೆನೆಹಾಕಿ ಆ ನೀರನ್ನು ಮನೆಯ ಮುಂದಿನ ಕೊಚ್ಚೆಗುಂಡಿಯಲ್ಲಿ ಚೆಲ್ಲಿದ್ದಳೆಂದೂ ಹೇಳಿದಳು. ನೆಲವನ್ನು ಅಗೆಸಿ ನೋಡಿದಾಗ ಆ ಗುಂಡಿಯ ಇಟ್ಟಿಗೆಗಳು ಸಡಿಲವಾಗಿದ್ದವು. ಗುಂಡಿಗೂ ಬಾವಿಗೂ ನಡುವೆ ಮೂರು ಅಡಿಯಷ್ಟೂ ಅಂತರವಿರಲಿಲ್ಲ. ಕೂಸಿನ ತಂದೆಯು ಪಂಪಿನ ಹಿಡಿಕೆಯನ್ನು ತೆಗೆದ ದಿನದಲ್ಲಿಯೇ ರೋಗಕ್ಕೆ ಬಿದ್ದು ಕೆಲವು ದಿನಗಳ ಮೇಲೆ ಸತ್ತನು. ಆ ದಿನ ಹಿಡಿಕೆಯು ಇದ್ದಿದ್ದರೆ ಜನರು ಇನ್ನೊಂದು ಸಾರಿ ವಿಷವಾದ ನೀರನ್ನು ಕುಡಿಯುವ ಸಂಭವವಿತ್ತು.

ವಾಚಕರೇ, ಈ ಸಂಗತಿಯನ್ನು ಸ್ವಲ್ಪ ಆಲೋಚಿಸಿರಿ. ಒಂದು ಕೂಸಿನ ಅಲ್ಪವೆಂದೆಣಿಸಲ್ಪಟ್ಟ ಭೇದಿಯು ೬೦೦ ಮಂದಿಯ ಮರಣಕ್ಕೆ ಮೂಲವಾಯಿತು. ಆ ತಾಯಿಯಲ್ಲಿ ತಪ್ಪಿರಲಿಲ್ಲ. ಆಕೆಗೆ ಯಾರೂ ತಿಳಿಸಿರಲಿಲ್ಲ. ಈಗ ತಿಳಿದವರಾದ ನಮಗೆ ಆ ನೆವವು ಇಲ್ಲ.

ಸ್ನೋ ತನ್ನ ಪುಸ್ತಕವನ್ನು ವಿಸ್ತರಿಸಿ ೧೮೫೫ರಲ್ಲಿ ಸ್ವಂತ ಖರ್ಚಿನಿಂದ ಅಚ್ಚು ಹಾಕಿಸಿದನು. ಇನ್ನೂರು ಪೌನುಗಳಷ್ಟು ಹಣ ಹೋಯಿತು. ಮಾರಾಟದಿಂದ ಬಂದದ್ದು ಬಹಳ ಸ್ವಲ್ಪವೇ. ಸರಕಾರದ ಆರೋಗ್ಯ ಮಂಡಲಿಯವರು ಆತನ ವಿಚಾರವನ್ನು ತಳ್ಳಿಹಾಕಿದರು. ಆತನು ಕೋಪಗೊಳ್ಳದೆ ತನ್ನ ಕೆಲಸವನ್ನು ನಡಿಸುತ್ತಾ ಹೋದನು. ೧೮೫೮ನೆಯ ಜೂನ್ ೧೦ರಂದು ಕ್ಲೋರೋಫಾರಂ ವಿಷಯವಾದ ತನ್ನ ದೊಡ್ಡ ಗ್ರಂಥವನ್ನು ಬರೆಯುತ್ತಿರುವಾಗ ಪಾರ್ಶ್ವವಾಯು ಬಡಿಯಿತು. ೧೬ನೆಯ ತಾರೀಖಿನಲ್ಲಿ, ೪೫ ವರುಷ ಪ್ರಾಯದಲ್ಲಿ, ಆತನು ತೀರಿಹೋದನು. ಲಂಡನಿನ ಬ್ರಾಂಪ್ಟನ್ ಸ್ಮಶಾನದಲ್ಲಿ ಆತನನ್ನು ಹೂಣಿಟ್ಟರು. ಆತನ ಮರಣವಾರ್ತೆಯನ್ನು ಬರೆದ ಹೆಸರುವಾಸಿಯಾದ ವೈದ್ಯ ಪತ್ರಿಕೆಯೊಂದು ಕಾಲರಾದ ಕೆಲಸವನ್ನು ಹೇಳಲೇ ಇಲ್ಲ.

ಎಂಟು ವರುಷಗಳ ಮೇಲೆ, ೧೮೬೬ರಲ್ಲಿ, ಲಂಡನಿನ ಪೂರ್ವ ಭಾಗದಲ್ಲಿ ಕಾಲರಾ ಎದ್ದಾಗ, ಮುಂಚೆ ಗಾಳಿಯ ವಾದವನ್ನು ಹಿಡಿದಿದ್ದ ಸರಕಾರದ ಲೆಕ್ಕಪಂಡಿತನಾದ ವಿಲಿಯಂ ಫಾರ್ ಎಂಬವನೇ ನೀರಿನ ದಾರಿಯನ್ನು ಹಿಡಿದು ಶೋಧಿಸಿ ಸ್ನೋ ಹೇಳಿದ್ದು ಸತ್ಯವೆಂದು ತೋರಿಸಿಕೊಟ್ಟನು. ೧೮೮೪ರಲ್ಲಿ ಜರ್ಮನ್ ಪಂಡಿತನಾದ ರಾಬರ್ಟ್ ಕೋಖ್ ಕಲ್ಕತ್ತದಲ್ಲಿ ಕಾಲರಾದ ಕ್ರಿಮಿಯನ್ನು ಬೇರ್ಪಡಿಸಿ ತೋರಿಸಿದನು. ೧೯೫೯ರಲ್ಲಿ ಅದೇ ಕಲ್ಕತ್ತದ ಶಂಭುನಾಥ ದೇ ಎಂಬವರು, ಆ ಕ್ರಿಮಿಯು ಬಿಡುವ ವಿಷವು ಕರುಳಿನಿಂದ ನೀರನ್ನು ಹೊರಗೆ ಹರಿಯಿಸುತ್ತದೆಂಬದನ್ನು ಸ್ಥಾಪಿಸಿದರು. ಹೀಗೆ ಸ್ನೋವಿನ ಮೊದಲನೆಯ ಪ್ರಶ್ನೆಯ ಸಂಗಡ ಎರಡನೆಯದಕ್ಕೂ ಉತ್ತರ ದೊರೆಯಿತು: ಭೇದಿಯು ಮನುಷ್ಯನನ್ನು ಮುಖ್ಯವಾಗಿ ಒಣಗಿಸಿ ಕೊಲ್ಲುತ್ತದೆ.

ಹೋದ ನೀರನ್ನು ತಿರಿಗಿ ತುಂಬಿಸುವದು ಹೇಗೆ? ಬರೀ ನೀರು ಕುಡಿದರೆ ರೋಗಿಯ ಕರುಳು ಅದನ್ನು ಸಾಕಷ್ಟು ಹೀರಿಕೊಳ್ಳುವದಿಲ್ಲ. ಆದರೆ ಉಪ್ಪೂ ಸಕ್ಕರೆಯೂ ತಕ್ಕ ಅಳತೆಯಲ್ಲಿ ಬೆರೆತರೆ, ಸಕ್ಕರೆಯು ಉಪ್ಪನ್ನು ಕರುಳಿನೊಳಕ್ಕೆ ಎಳೆಯುತ್ತದೆ. ಉಪ್ಪಿನ ಹಿಂದೆ ನೀರು ಹೋಗುತ್ತದೆ. ಕಾಲರಾದಲ್ಲಿಯೂ ಕರುಳಿನ ಈ ಬಾಗಿಲು ಮುಚ್ಚುವದಿಲ್ಲ. ೧೯೬೮ರಲ್ಲಿ ಢಾಕಾ ನಗರದಲ್ಲಿ ಇದನ್ನು ಪರೀಕ್ಷಿಸಿ ನೋಡಿದರು. ೧೯೭೧ರಲ್ಲಿ ಬಂಗಾಳದ ಬನಗಾಂವ್ ಎಂಬಲ್ಲಿ ನಿರಾಶ್ರಿತರ ಶಿಬಿರದೊಳಗೆ ಕಾಲರಾ ಹಬ್ಬಿ, ನರಕ್ಕೆ ಏರಿಸುವ ದ್ರವವು ತೀರಿಹೋಗಲಾಗಿ, ಡಾಕ್ಟರ್ ದಿಲೀಪ ಮಹಾಲನಬೀಸ್ ಎಂಬವರು ಉಪ್ಪುಸಕ್ಕರೆಯ ನೀರನ್ನು ರೋಗಿಗಳ ಸಂಬಂಧಿಕರ ಕೈಯಿಂದಲೇ ಕುಡಿಸಿದರು. ನೂರಕ್ಕೆ ಸುಮಾರು ೩೦ ಮಂದಿ ಸಾಯುತ್ತಿದ್ದಲ್ಲಿ ಆ ಮೇಲೆ ನೂರಕ್ಕೆ ನಾಲ್ವರೂ ಸಾಯಲಿಲ್ಲ. ನಮ್ಮ ಆರೋಗ್ಯ ಕೇಂದ್ರಗಳಲ್ಲಿ ಓ. ಆರ್. ಎಸ್. ಎಂಬ ಹೆಸರಿನಿಂದ ಕೊಡುವ ಪೊಟ್ಟಣವು ಇದೇ.

ಈ ಚರಿತ್ರೆಯಿಂದ ನಮ್ಮ ಮನೆಗಳಿಗೆ ಆಗಬೇಕಾದ ಪ್ರಯೋಜನವನ್ನು ಈಗ ಹೇಳುತ್ತೇವೆ. ದಿನಕ್ಕೆ ಮೂರು ಸಾರಿ ಅಥವಾ ಅದಕ್ಕಿಂತ ಹೆಚ್ಚಾಗಿ ನೀರಾದ ಮಲವು ಹೋದರೆ ಅದನ್ನು ಭೇದಿಯೆಂದು ತಿಳಿಯಬೇಕು. ಮೊಲೆಯುಣ್ಣುವ ಕೂಸಿಗೆ ಸಹಜವಾಗಿಯೇ ಮೆತ್ತಗಿನ ಮಲವು ಹಲವು ಸಾರಿ ಹೋಗುವದುಂಟು, ಅದು ರೋಗವಲ್ಲ. ಭೇದಿಯು ಆರಂಭವಾದ ಕೂಡಲೆ ಒಂದು ಲೀಟರಿನ ಪೊಟ್ಟಣವನ್ನು ಕುದಿಸಿ ಆರಿಸಿದ ಒಂದು ಲೀಟರ್ ನೀರಿನಲ್ಲಿ ಕದಡಿ ಕೊಡತಕ್ಕದ್ದು. ಪೊಟ್ಟಣ ಸಿಕ್ಕದಿದ್ದರೆ ಒಂದು ಲೀಟರ್ ನೀರಿಗೆ ಚಹದ ಚಮಚದಲ್ಲಿ ಸಮತಟ್ಟಾಗಿ ಆರು ಚಮಚ ಸಕ್ಕರೆಯನ್ನೂ ಅರ್ಧ ಚಮಚ ಉಪ್ಪನ್ನೂ ಹಾಕಬೇಕು. ಈ ಅಳತೆಯು ತಪ್ಪಬಾರದು. ಉಪ್ಪು ಹೆಚ್ಚಾದರೆ ಅಪಾಯ, ಸಕ್ಕರೆ ಹೆಚ್ಚಾದರೆ ಭೇದಿಯೇ ಹೆಚ್ಚುವದು. ಎರಡು ವರುಷದೊಳಗಿನ ಮಗುವಿಗೆ ಪ್ರತಿ ಭೇದಿಯ ತರುವಾಯ ಕಾಲು ಲೋಟದಿಂದ ಅರ್ಧ ಲೋಟದವರೆಗೆ, ಅದಕ್ಕೆ ದೊಡ್ಡ ಮಕ್ಕಳಿಗೆ ಅರ್ಧ ಲೋಟದಿಂದ ಒಂದು ಲೋಟದವರೆಗೆ, ಚಮಚದಿಂದಾಗಲಿ ಗುಟುಕು ಗುಟುಕಾಗಿಯಾಗಲಿ ಕುಡಿಸಬೇಕು. ಲೋಟವೆಂದರೆ ೨೦೦ ಮಿಲಿಲೀಟರ್ ಹಿಡಿಯುವದು. ವಾಂತಿಯಾದರೆ ಹತ್ತು ನಿಮಿಷ ತಾಳಿ ಇನ್ನೂ ನಿಧಾನವಾಗಿ ಕುಡಿಸಬೇಕು. ಒಂದು ದಿನ ಕಳೆದ ಮೇಲೆ ಉಳಿದದ್ದನ್ನು ಚೆಲ್ಲಿ ಹೊಸದಾಗಿ ಮಾಡಬೇಕು.

ಭೇದಿಯಾದವನಿಗೆ ನೀರನ್ನೂ ಅನ್ನವನ್ನೂ ನಿಲ್ಲಿಸುವ ಪದ್ಧತಿಯು ಕೆಲವು ಕಡೆ ಇದೆ. ಇದು ಗಣಿಯ ರೋಗಿಗಳ ರಕ್ತ ತೆಗೆದ ಹಳೆಯ ವೈದ್ಯದಂತೆಯೇ ಕೇಡಿನದು. ತಾಯಿಯು ಮೊಲೆಹಾಲನ್ನು ನಿಲ್ಲಿಸಬಾರದು. ಅನ್ನ ತಿನ್ನುವ ಮಗುವಿಗೆ ಗಂಜಿ, ಮೆತ್ತಗಿನ ಅನ್ನ, ಬೇಳೆಯ ಕಟ್ಟು, ಮಜ್ಜಿಗೆ ಇವುಗಳನ್ನು ಸ್ವಲ್ಪ ಸ್ವಲ್ಪವಾಗಿ ಕೊಡುತ್ತಲೇ ಇರಬೇಕು. ಮಕ್ಕಳಿಗೆ ವೈದ್ಯರು ಸತುವಿನ ಮಾತ್ರೆಯನ್ನು ೧೪ ದಿನ ಕೊಡಲು ಹೇಳುತ್ತಾರೆ. ಭೇದಿಯು ನಿಂತಿತೆಂದು ನಡುವೆ ಬಿಡಬಾರದು, ಯಾಕಂದರೆ ಅದು ಮುಂದೆ ಬರುವ ಭೇದಿಯನ್ನೂ ತಡೆಯುತ್ತದೆ. ಅಂಗಡಿಯಲ್ಲಿ ಕೇಳಿ ತಂದ ಭೇದಿ ಕಟ್ಟುವ ಮಾತ್ರೆಗಳನ್ನು ಮಕ್ಕಳಿಗೆ ಕೊಡಲೇಬಾರದು. ಹಲ್ಲು ಬರುವಾಗ ಭೇದಿಯಾಗುವದು ಸಹಜವೆಂದು ಸುಮ್ಮನೆ ಕೂತುಕೊಳ್ಳುವದೂ ತಪ್ಪು.

ಇನ್ನು ಯಾವಾಗ ತಡಮಾಡದೆ ವೈದ್ಯರ ಬಳಿಗೆ ಹೊರಡಬೇಕೆಂದರೆ, ಮೊದಲನೆಯದಾಗಿ, ಮಗುವು ಕುಡಿಯಲಾರದೆ ಹೋದಾಗ, ಮೊಲೆ ಹಿಡಿಯದಾಗ, ಇಲ್ಲವೆ ಕುಡಿದದ್ದನ್ನೆಲ್ಲಾ ವಾಂತಿ ಮಾಡುವಾಗ. ಎರಡನೆಯದಾಗಿ, ಒಣಗಿದ ಗುರುತುಗಳು ಕಂಡಾಗ: ಕಣ್ಣು ಗುಳಿಬಿದ್ದಿರುವದು, ಬಾಯಿ ನಾಲಿಗೆ ಒಣಗಿರುವದು, ಅತ್ತರೂ ಕಣ್ಣೀರು ಬಾರದಿರುವದು, ಆರು ತಾಸಾದರೂ ಮೂತ್ರ ಹೋಗದಿರುವದು, ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟರೆ ಮೆಲ್ಲಗೆ ಹಿಂದಕ್ಕೆ ಹೋಗುವದು. ಮೂರನೆಯದಾಗಿ, ರೋಗಿಯು ಜೋಲುಬಿದ್ದು ಎಚ್ಚರಿಸಿದರೂ ಸರಿಯಾಗಿ ಏಳದಾಗ, ಅಥವಾ ಫಿಟ್ಸು ಬಂದಾಗ. ನಾಲ್ಕನೆಯದಾಗಿ, ಮಲದಲ್ಲಿ ರಕ್ತವು ಕಂಡಾಗ, ಅಥವಾ ಅದು ಟಾರಿನಂತೆ ಕಪ್ಪಾದಾಗ. ಐದನೆಯದಾಗಿ, ಅಕ್ಕಿ ತೊಳೆದ ನೀರಿನಂತೆ ಮೇಲಿಂದ ಮೇಲೆ ಬಹಳವಾಗಿ ಹೋಗುವಾಗ; ಇದು ಕಾಲರಾ ಆಗಿರಬಹುದು, ಕೆಲವೇ ತಾಸುಗಳಲ್ಲಿ ಪ್ರಾಣ ಹೋಗಬಹುದು. ಆರನೆಯದಾಗಿ, ಜೋರಾದ ಜ್ವರವಾಗಲಿ ಹೊಟ್ಟೆಯಲ್ಲಿ ತಾಳಲಾರದ ನೋವಾಗಲಿ ಇರುವಾಗ. ಏಳನೆಯದಾಗಿ, ಮಗುವಿನ ಭೇದಿಯು ಎರಡು ದಿನದೊಳಗೆ ತಗ್ಗದೆ ಇದ್ದಾಗ. ೧೪ ದಿನ ದಾಟಿದ ಭೇದಿಯಂತೂ ಯಾರಿಗೇ ಆಗಲಿ ಪರೀಕ್ಷೆ ಬೇಕಾದದ್ದು. ಎರಡು ತಿಂಗಳೊಳಗಿನ ಕೂಸು, ಬಹಳ ಕೃಶವಾದ ಮಗು, ಗರ್ಭಿಣಿ, ಮುದುಕರು, ಇವರ ವಿಷಯದಲ್ಲಿ ಈ ಗುರುತುಗಳನ್ನು ಕಾಯದೆ ಮೊದಲೇ ತೋರಿಸುವದು ಲೇಸು. ಹೋಗುವ ದಾರಿಯಲ್ಲಿಯೂ, ಎಚ್ಚರವಿದ್ದು ನುಂಗಬಲ್ಲವರಿಗೆ, ಉಪ್ಪುಸಕ್ಕರೆಯ ನೀರನ್ನು ಕುಡಿಸುತ್ತಲೇ ಇರಬೇಕು. ರಾತ್ರಿಯಾಯಿತೆಂದು ಬೆಳಗಾಗುವದನ್ನು ಕಾಯಬಾರದು.

ಒಂದೇ ಊರಿನಲ್ಲಿ ಕೆಲವರಿಗೆ ಒಟ್ಟಿಗೆ ಭೇದಿಯಾದರೆ ಅದನ್ನು ಮರೆಮಾಡದೆ ಆಶಾ ಕಾರ್ಯಕರ್ತೆಗಾಗಲಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕಾಗಲಿ ಅದೇ ದಿನ ತಿಳಿಸುವದು ನೆರೆಯವರಿಗೆ ಮಾಡುವ ದೊಡ್ಡ ಉಪಕಾರ. ರೋಗಿಯ ಬಟ್ಟೆಯನ್ನು ಬಾವಿಯ ಕಟ್ಟೆಯಲ್ಲಿಯೂ ಕೆರೆಯಲ್ಲಿಯೂ ಒಗೆಯಬಾರದು. ಕೂಸಿನ ಮಲವನ್ನು ಸಹ ಪಾಯಿಖಾನೆಗೇ ಹಾಕಬೇಕು. ಮಲ ತೊಳೆದ ಮೇಲೂ, ಅಡಿಗೆಗೆ ಮುಂಚೆಯೂ, ಉಣಿಸುವದಕ್ಕೆ ಮುಂಚೆಯೂ ಸಾಬೂನಿನಿಂದ ಕೈ ತೊಳೆಯಬೇಕು. ಕುಡಿಯುವ ನೀರನ್ನು ಚೆನ್ನಾಗಿ ಮರಳುವವರೆಗೆ ಕುದಿಸಿ ಮುಚ್ಚಿಡಬೇಕು.

ಸ್ನೋ ಕಣ್ಣಿನಿಂದ ರೋಗದ ಕ್ರಿಮಿಯನ್ನು ಗುರುತಿಸಿದವನಲ್ಲ. ಸತ್ತವರ ಮನೆಗಳಿಗೆ ಹೋಗಿ, ಅವರು ಯಾವ ನೀರನ್ನು ಕುಡಿದರು ಎಂದು ತಾಳ್ಮೆಯಿಂದ ಕೇಳಿದನು, ಕೇಳಿದ್ದನ್ನು ಎಣಿಸಿದನು, ಎಣಿಸಿದ್ದನ್ನು ಅಧಿಕಾರಸ್ಥರ ಮುಂದೆ ಧೈರ್ಯವಾಗಿ ಹೇಳಿದನು. ಆ ಪಂಪು ಇದ್ದ ಬೀದಿಯಲ್ಲಿ ಈಗಲೂ ಹಿಡಿಕೆಯಿಲ್ಲದ ಪಂಪೊಂದನ್ನು ಜ್ಞಾಪಕಾರ್ಥವಾಗಿ ನಿಲ್ಲಿಸಿದ್ದಾರೆ. ನಮ್ಮಲ್ಲಿ ಭೇದಿ ಹಿಡಿದ ಮಗುವನ್ನು ಮಡಿಲಲ್ಲಿ ಇಟ್ಟುಕೊಂಡಿರುವ ತಾಯಿಗೆ ಅಳತೆಯಾದ ಒಂದು ಲೋಟ ನೀರನ್ನೂ, ಹೊರಡಬೇಕಾದ ಗಳಿಗೆಯನ್ನೂ ತಿಳಿಸಿಕೊಡುವವರು ಆತನ ಕೆಲಸವನ್ನೇ ಮುಂದರಿಸುತ್ತಾರೆ.